ಹಾಲೇಶಪ್ಪನ ಸ್ಮರಣಾರ್ಥ

ನಮ್ಮ ಕಡೆ ಗುಡಿಗೆ ಹೋದವರು ದೇವರ ಮುಖ ನೋಡುವುದಕ್ಕೂ ಮೊದಲು ಟ್ಯೂಬ್‌ಲೈಟು ಓದುತ್ತಾರೆ. ಗಾಜಿನ ಮೇಲೆ ಕೆಂಪು ಪೇಂಟಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಬರೆದಿರುತ್ತದೆ: ಇಂಥವರ ಸ್ಮರಣಾರ್ಥ, ಇಂಥ ಮಕ್ಕಳಿಂದ. ಹೆಸರು ದೊಡ್ಡದಾದಷ್ಟೂ ಬೆಳಕು ಕಡಿಮೆಯಾಗುತ್ತದೆ. ಬೆಳಕು ದೇವಿಗೆ, ಹೆಸರು ಮನೆತನಕ್ಕೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ನಮ್ಮವರು ಕುಂಕುಮ ಹಚ್ಚಿಕೊಂಡು ಹೊರಡುತ್ತಾರೆ.

ಕೊಟ್ಟೂರಿನಲ್ಲಿ ಹಿರೇಹಡಗಲಿ ಕಡೆಯ ಬಸ್ಸು ನಿಲ್ಲುವ ತಿರುವಿನಲ್ಲಿ ಚೌಡಮ್ಮನ ಸಣ್ಣ ಗುಡಿ ಇದೆ. ಊರೆಲ್ಲ ಎಲ್‌ಇಡಿ ಆದ ಮೇಲೂ ಅಲ್ಲಿ ಹಳೆಯ ಟ್ಯೂಬುಗಳೇ ಗುಂಯ್ ಅನ್ನುತ್ತ ಉರಿಯುತ್ತವೆ. ಗುಡಿಯ ಕಮಿಟಿಯ ಹಿರಿಯರು ಪಾಲಾಕ್ಷಪ್ಪ ಒಮ್ಮೆ ಅವನ್ನೆಲ್ಲ ಬಿಚ್ಚಿಸಬೇಕೆಂದು ಏಣಿ ತರಿಸಿದ್ದರು. "ನಮ್ಮಪ್ಪನ್ನ ಇಳಿಸಿ ಎಲ್ಲಿ ಇಡ್ತೀರಿ, ತಿಪ್ಪಿಗೆ ಹಾಕ್ತೀರೇನು?" ಎಂದು ಒಂದು ಮನೆಯವರು ಬಂದು ನಿಂತರು. ಅವರ ಹಿಂದೆ ಇನ್ನೊಂದು ಮನೆಯವರು ಬಂದರು. ಪಾಲಾಕ್ಷಪ್ಪ ಏಣಿ ವಾಪಸ್ಸು ಕಳಿಸಿದರು.

ಆ ಸಾಲಿನಲ್ಲಿ ಕೊನೆಯ ಟ್ಯೂಬು ನಮ್ಮ ಹಾಲೇಶಣ್ಣನದು. ಅದರ ಮೇಲೂ ಸ್ಮರಣಾರ್ಥ ಎಂದೇ ಬರೆದಿದೆ. ಹಾಲೇಶಣ್ಣ ಮಾತ್ರ ನನ್ನ ಅಂಗಡಿಯ ಎದುರಿಗೆ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾನೆ. ಇದನ್ನು ಯಾರಾದರೂ ಒಬ್ಬರು ಬರೆದಿಡಬೇಕು ಅನ್ನಿಸಿತು. ಈ ಊರಿನಲ್ಲಿ ಬರೆಯುವವರು ಬಹಳ ಮಂದಿ ಇದ್ದಾರೆ, ಆದರೆ ಅವರು ಹಾಲೇಶಣ್ಣನಂಥವರ ಬಗ್ಗೆ ಬರೆಯುವುದಿಲ್ಲ. ನಾನು ಟೇಲರ್. ರೇಣುಕಾ ಅಂತ. ರವಿಕೆ, ಲಂಗ, ಫಾಲ್ ಹೊಲಿಯುವವಳು. ನನಗೆ ತಿಳಿದಂತೆ ಹೇಳುತ್ತೇನೆ.

ಹಾಲೇಶಣ್ಣ ಲೈಟಿಂಗ್‌ನವನು. ಮದುವೆ, ಸೀಮಂತ, ಗೃಹಪ್ರವೇಶ ಎಂದರೆ ಬೊಂಬು ನೆಟ್ಟು, ಬೊಂಬಿಗೆ ಟ್ಯೂಬಿನ ಪಟ್ಟಿ ಕಟ್ಟಿ, ವೈರು ಎಳೆದು, ರಸ್ತೆಯಿಂದ ಮನೆಯ ಹಂದರದವರೆಗೆ ಬೆಳಕಿನ ಸಾಲು ಮಾಡುವವನು. ಕೂಡ್ಲಿಗಿಯಿಂದ ಹಡಗಲಿಯವರೆಗೆ, ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಯವರೆಗೆ ಅವನು ಬೊಂಬು ನೆಡದ ಊರು ಸಿಗುವುದು ಕಷ್ಟ. ಟ್ಯೂಬಿಗೆ ಕೆಂಪು, ಹಸಿರು, ಹಳದಿ ಬಣ್ಣದ ಹಾಳೆ ಸುತ್ತಿದರೆ ಅದು ಮದುವೆ. ಒಂದೇ ಬೊಂಬು, ಒಂದೇ ಟ್ಯೂಬು, ಹಾಳೆ ಇಲ್ಲದೆ ಬರಿ ಬಿಳಿ ಬೆಳಕು ಮನೆಯ ಮುಂದೆ ಉರಿಯುತ್ತಿದ್ದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ದಾರಿಹೋಕರೂ ತಿಳಿಯುತ್ತಿದ್ದರು. ಆ ಬೊಂಬನ್ನು ನೆಡುವವನೂ ಹಾಲೇಶಣ್ಣನೇ.

ಇದರಿಂದ ಅವನಿಗೊಂದು ಪೀಡೆ ಅಂಟಿಕೊಂಡಿತು. ಬರಿ ಟ್ಯೂಬು ಹೆಗಲ ಮೇಲಿಟ್ಟುಕೊಂಡು ಓಣಿಯಲ್ಲಿ ನಡೆದರೆ ಹೆಂಗಸರು ಬಾಗಿಲಿಗೆ ಬಂದು, "ಯಾರ ಮನಿಗೆ ಹಾಲೇಶಪ್ಪ?" ಎಂದು ಕೇಳುತ್ತಿದ್ದರು. ಸುಮ್ಮನೆ ಒಂದು ಸ್ಟಾರ್ಟರು ಬದಲಿಸಲು ಹೊರಟಿದ್ದರೂ ಹಾಗೇ. ಅವನು ಯಾರ ಮನೆಯ ಮುಂದೆಯೂ ನಿಲ್ಲದೆ ನಡೆಯುವುದನ್ನು ರೂಢಿ ಮಾಡಿಕೊಂಡ. ನಿಂತರೆ ಆ ಮನೆಯವರ ಮುಖ ಸಣ್ಣಗಾಗುತ್ತಿತ್ತು. ಕರೆದರೆ ಮಾತ್ರ ಹೋಗಬೇಕು, ಕೆಲಸ ಮುಗಿದ ಕೂಡಲೇ ಬರಬೇಕು. ಮದುವೆ ಮನೆಯಲ್ಲೂ ಅವನು ಊಟ ಮಾಡುತ್ತಿದ್ದುದು ಜನರೇಟರ್ ಪಕ್ಕದಲ್ಲಿ, ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು. ಪಂಕ್ತಿಯಲ್ಲಿ ಕೂತಾಗ ಲೈಟು ಹೋದರೆ ಯಾರು ಓಡುತ್ತಾರೆ?

ಅವನಿಗೆ ಮದುವೆ ಯಾಕೆ ಆಗಲಿಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. "ಕನ್ಯಾ ನೋಡೂ ತಿಂಗಳಾಗ ನಾನು ಮಂದಿ ಮದುವ್ಯಾಗ ಇರ್ತಿದ್ದೆ ಟೇಲರಮ್ಮ" ಎಂದು ನಕ್ಕ. ಅದು ಅರ್ಧ ಸತ್ಯ. ಸತ್ತವರ ಮನೆಗೆ ಬೊಂಬು ನೆಡುವವನಿಗೆ ಹೆಣ್ಣು ಕೊಡಲು ಹೆತ್ತವರು ಹಿಂದೆಮುಂದೆ ನೋಡಿದರು ಎಂಬುದು ಉಳಿದ ಅರ್ಧ.

ಕೆಲಸದ ಬಗ್ಗೆ ಮಾತ್ರ ಅವನಿಗೆ ಪ್ರೀತಿ. ಒಂದು ದಿನ ನನ್ನ ಮಷಿನ್ ಮೇಲಿನ ಟ್ಯೂಬು ಮಿಣುಕತೊಡಗಿತು. ಬಂದು ತಿರುವಿ ನೋಡಿದ. ತುದಿಗಳು ಕಪ್ಪಾಗಿದ್ದವು. ಹಳೆಯದನ್ನು ಬಿಚ್ಚುತ್ತ ತಾನಾಗಿಯೇ ಹೇಳಿದ: "ಇದರಾಗ ಒಂದು ಹನಿ ಪಾದರಸ ಇರತೈತಿ. ಕರೆಂಟು ಹಾದ್ರ ಆವಿಯಾಗಿ ಬೆಳಕು ಕೊಡತೈತಿ. ಆದ್ರ ಆ ಬೆಳಕು ಮನುಷ್ಯಾರ ಕಣ್ಣಿಗೆ ಕಾಣಂಗಿಲ್ಲ. ಒಳಗ ಬಿಳಿ ಪುಡಿ ಬಳದಾರಲ್ಲ, ಅದಕ ತಾಗಿದ ಮ್ಯಾಲನಾ ನಮಗ ಕಾಣೂದು."

"ಪುಡಿ ಇಲ್ದಿದ್ರ?" ಎಂದೆ.

"ಉರಿತಿರತೈತಿ. ಯಾರಿಗೂ ಗೊತ್ತಾಗಂಗಿಲ್ಲ."

ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆಯನ್ನು ಅವನ ಮುಂದೆ ಹೇಳುವ ಹಾಗಿಲ್ಲ, ಟ್ಯೂಬ್‌ಲೈಟಿಗೆ ಬುಡವೇ ಇಲ್ಲ ಎಂದು ವಾದಕ್ಕೆ ಬರುತ್ತಾನೆ.

ಅವನಿಗೆ ಇದ್ದ ಬಳಗವೆಂದರೆ ಒಬ್ಬಳೇ ಅಕ್ಕ, ತಿಪ್ಪೇರುದ್ರಮ್ಮ. ತಾಯಿ ಹೋದಾಗ ಇವನು ಇನ್ನೂ ಅಂಬೆಗಾಲಿನ ಕೂಸು. ಅಕ್ಕನೇ ಬಗಲಲ್ಲಿ ಹೊತ್ತು ಬೆಳೆಸಿದಳು. ಹಿರೇಹಡಗಲಿಗೆ ಮದುವೆಯಾಗಿ ಹೋಗುವಾಗ ಗಂಡನ ಮನೆಯವರಿಗೆ, "ನನ್ನ ಕರ್ಕೊಂಡು ಹೋಗೂದಾದ್ರ ಇವನ್ನೂ ಕರ್ಕೊಂಡು ಹೋಗ್ರಿ" ಅಂದಳಂತೆ. ಇವನು ಅವಳ ಮನೆಯಲ್ಲೇ ಉಂಡು ದೊಡ್ಡವನಾದ, ಆಮೇಲೆ ಕೊಟ್ಟೂರಿಗೆ ಬಂದು ಈಗ ನನ್ನ ಅಂಗಡಿ ಇರುವಲ್ಲಿಗೆ ಎದುರಿಗೇ ಅಂಗಡಿ ಹಾಕಿದ. ವಾರಕ್ಕೊಮ್ಮೆಯಾದರೂ ಅಕ್ಕನ ಮನೆಗೆ ಹೋಗಿ ರೊಟ್ಟಿ ತಿಂದು ಬಂದರೆ ಅವನಿಗೆ ಅದೇ ಹಬ್ಬ.

ಅಕ್ಕನಿಗೆ ಒಬ್ಬಳೇ ಮಗಳು, ಮಂಜಮ್ಮ. ಅವಳ ಮದುವೆಗೆ ಮಾವನ ಲೈಟಿಂಗು ಹೇಗಿರಬೇಕು ಹೇಳಿ. ಊರ ಬಾಗಿಲಿನಿಂದ ಹಂದರದವರೆಗೆ ಸಾಲು ಕಟ್ಟಿದ್ದ. ಅಕ್ಷತೆಗೆ ಇನ್ನೇನು ಹೊತ್ತಾಯಿತು ಎನ್ನುವಾಗ ಹಂದರದ ನಡುವಿನ ಟ್ಯೂಬು ಮಿಣುಕಿ ಆರಿಹೋಯಿತು. ತಂದಿದ್ದ ಹೆಚ್ಚಿನ ಟ್ಯೂಬುಗಳೆಲ್ಲ ಆಗಲೇ ಮುಗಿದಿದ್ದವು. ಗೋಣಿಚೀಲದಲ್ಲಿ ಉಳಿದಿದ್ದುದು ಒಂದೇ, ಸಾವಿನ ಮನೆಗೆಂದು ಬೇರೆ ತೆಗೆದಿಟ್ಟ ಟ್ಯೂಬು. ಈ ಕೆಲಸದವರಲ್ಲಿ ಒಂದು ಕಟ್ಟುನಿಟ್ಟಿದೆ: ಸಾವಿಗೆ ಕಟ್ಟಿದ್ದನ್ನು ಮದುವೆಗೆ ಕಟ್ಟಬಾರದು. ಹಾಲೇಶಣ್ಣ ಆ ಕಡೆ ಈ ಕಡೆ ನೋಡಿದ. ಹಳದಿ ಹಾಳೆ ಸುತ್ತಿದ, ಕಟ್ಟಿಬಿಟ್ಟ. ಬೆಳಕಿಗೇನು ಗೊತ್ತು ಯಾರ ಮನೆ ಎಂದು ಅಂದುಕೊಂಡ. ಯಾರಿಗೂ ತಿಳಿಯಲಿಲ್ಲ.

ಎರಡು ವರ್ಷ ತುಂಬುವುದರೊಳಗೆ ಮಂಜಮ್ಮನ ಗಂಡ ಹರಪನಹಳ್ಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಆ ಮನೆಯ ಮುಂದೆ ಬೊಂಬು ನೆಡಲು ಹೋದ ಹಾಲೇಶಣ್ಣನಿಗೆ ತಡೆಯಲಾಗಲಿಲ್ಲ. ಅಕ್ಕನ ಕಾಲು ಹಿಡಿದು ಟ್ಯೂಬಿನ ವಿಷಯ ಹೇಳಿಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಸುಮ್ಮನಿದ್ದರೆ ಲೋಕದಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ತಿಪ್ಪೇರುದ್ರಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. "ಇನ್ನ ನನ್ನ ಹೊಸ್ತಿಲಾ ತುಳಿಬ್ಯಾಡ" ಅಂದಳು. ಅದೇ ಕೊನೆಯ ಮಾತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಎಂದು ನಾನು ಅವನ ಮುಂದೆ ಎಷ್ಟು ಸಲ ಅಂದಿದ್ದೇನೋ. ರಸ್ತೆಯಲ್ಲಿ ಗುಂಡಿ ಇತ್ತು, ಹುಡುಗ ಹೆಲ್ಮೆಟ್ ಹಾಕಿರಲಿಲ್ಲ. ಟ್ಯೂಬಿನಲ್ಲಿ ಪಾದರಸ ಇರುತ್ತದೆ, ಶಾಪ ಇರುವುದಿಲ್ಲ. ಹಾಲೇಶಣ್ಣ ತಲೆ ಆಡಿಸುತ್ತಿದ್ದ. ಒಪ್ಪಿದನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದೆರಡು ಸಲ ಹಿರೇಹಡಗಲಿಗೆ ಹೋಗಿ ಅಕ್ಕನ ಮನೆಯ ಎದುರಿನ ಕಟ್ಟೆಯ ಮೇಲೆ ಕೂತು ಬಂದಿದ್ದ. ಅವಳು ಹೊರಗೆ ಬಂದು, ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಆಮೇಲೆ ಅವನು ಹೋಗುವುದನ್ನೂ ಬಿಟ್ಟ. ಹತ್ತು ಹನ್ನೆರಡು ವರ್ಷ ಹೀಗೇ ಕಳೆಯಿತು.

ಅಷ್ಟರಲ್ಲಿ ಎಲ್‌ಇಡಿ ಬಂತು. ಶಾಮಿಯಾನದವರೇ ದಾವಣಗೆರೆಯಿಂದ ಬಣ್ಣಬಣ್ಣದ ಸರ ತಂದು ತೂಗುಹಾಕತೊಡಗಿದರು. ಚೋಕು ಬೇಡ, ಸ್ಟಾರ್ಟರು ಬೇಡ, ಮಿಣುಕುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ಅಂಗಡಿಗಳಲ್ಲಿ ಟ್ಯೂಬು ಕೇಳಿದರೆ ಈಗ ಹುಡುಗರು ನಗುತ್ತಾರೆ. ಹಾಲೇಶಣ್ಣನನ್ನು ಮದುವೆಗೂ ಕರೆಯುವುದು ನಿಂತಿತು, ಸಾವಿಗೂ ಕರೆಯುವುದು ನಿಂತಿತು. ಪಟ್ಟಿಗಳನ್ನು ಗುಜರಿಗೆ ಹಾಕಿದ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ಮಲಗುವುದು. ಮೊದಲು ಕರೆದಾಗಲಾದರೂ ನಾಲ್ಕು ಮನೆಯ ಅಂಗಳ ನೋಡುತ್ತಿದ್ದ. ಈಗ ಅದೂ ಇಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಜ್ವರ ಬಂತು. ನಾನು ಮಗಳ ಬಾಣಂತನಕ್ಕೆಂದು ಹೊಸಹಳ್ಳಿಗೆ ಹೋಗಿದ್ದೆ, ಅಂಗಡಿ ಮುಚ್ಚಿತ್ತು. ವಾಪಸ್ಸು ಬಂದಾಗ ಹಾಲೇಶಣ್ಣ ಸಣ್ಣಗಾಗಿ, ಗಡ್ಡ ಬಿಟ್ಟು ಸ್ಟೂಲಿನ ಮೇಲೆ ಕೂತಿದ್ದ. ಷಟರ್ ಅರ್ಧ ಇಳಿಸಿಕೊಂಡು ಒಳಗೆ ಒಬ್ಬನೇ ಮಲಗಿದ್ದನಂತೆ. ಯಾರೂ ಷಟರ್ ಬಡಿಯಲಿಲ್ಲ.

"ಅಷ್ಟೂ ಮನಿ ಮುಂದ ಬೊಂಬು ನೆಟ್ಟೀನಿ ಟೇಲರಮ್ಮ. ನನ್ನ ಬಾಗಿಲಿಗೆ ಯಾರು ನೆಡತಾರ?" ಎಂದ. ಬೇಸರದಿಂದ ಅಂದದ್ದಲ್ಲ, ಲೆಕ್ಕ ಕೇಳಿದ ಹಾಗೆ ಕೇಳಿದ. ಬಿಸಿ ರೊಟ್ಟಿ ಮಾಡಿ ತಂದುಕೊಟ್ಟೆ, ಅದಕ್ಕಿಂತ ಹೆಚ್ಚಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನು ತನ್ನಲ್ಲಿ ಉಳಿದಿದ್ದ ಟ್ಯೂಬುಗಳಲ್ಲಿ ಒಳ್ಳೆಯದೊಂದನ್ನು ಒರೆಸಿ ತೆಗೆದ. ಬೋರ್ಡು ಬರೆಯುವ ಕೊಟ್ರಸ್ವಾಮಿಗೆ ಕೊಟ್ಟು, "ಚೌಡಮ್ಮನ ಗುಡಿಗೆ ಕೊಡತೀನಿ. ನನ್ನ ಹೆಸರು ಬರಿ" ಅಂದ. ಅಷ್ಟೇ ಹೇಳಿದ್ದು. ಬದುಕಿರುವವರು ಕೊಟ್ಟರೆ 'ಇವರ ಸೇವೆ' ಎಂದು ಬರೆಯಬೇಕು. ಆದರೆ ಬದುಕಿರುವವರು ಕೊಡುವುದು ಕಡಿಮೆ. ಕೊಟ್ರಸ್ವಾಮಿಯ ಮನೆ ಗುಡಿಯ ಹಿಂದೆಯೇ ಇದೆ. ರೇಡಿಯೋ ಕೇಳುತ್ತ ಬರೆದ, ಪೇಂಟು ಒಣಗಿದ ಮೇಲೆ ಪೂಜಾರಿಯ ಕೈಗೆ ಕೊಟ್ಟ, ಪೂಜಾರಿ ಖಾಲಿ ಇದ್ದ ಪಟ್ಟಿಗೆ ಸಿಕ್ಕಿಸಿದ. ಸಂಜೆ ಹಾಲೇಶಣ್ಣ ಕೈಮುಗಿಯಲು ಹೋದವನು ತಲೆ ಎತ್ತಿ ಓದಿದ: ಶ್ರೀ ಹಾಲೇಶಪ್ಪ, ಲೈಟಿಂಗ್, ಕೊಟ್ಟೂರು, ಇವರ ಸ್ಮರಣಾರ್ಥ.

ಇದೆಲ್ಲ ನನಗೆ ಆಗಲೇ ಗೊತ್ತಾಗಲಿಲ್ಲ. ಗೊತ್ತಾದದ್ದು ಅವನು ದಿನಾ ಮುಂಜಾನೆ ಬಂದು, "ಯಾರರ ಬಂದು ಏನರ ಕೇಳಿದ್ರೇನು?" ಎಂದು ವಿಚಾರಿಸತೊಡಗಿದ್ದರಿಂದ. ಏನು ಕೇಳಬೇಕಿತ್ತು ಅಂದರೆ, "ಏನಿಲ್ಲ ಬಿಡು" ಅನ್ನುತ್ತಿದ್ದ. ನಾನು ಬಿಡುವವಳೇ? ಜಗ್ಗಿ ಕೇಳಿದಾಗ ಗುಡಿಗೆ ಹೋಗಿ ನೋಡು ಎಂದ. ಹೋಗಿ ನೋಡಿದೆ. ನೋಡಿ ಅಲ್ಲಿಂದ ಸೀದಾ ಕೊಟ್ರಸ್ವಾಮಿಯ ಮನೆಗೆ ಹೋದೆ.

"ಏನಪ್ಪಾ, ಜೀವಂತ ಮನುಷ್ಯಾನ್ನ ಮ್ಯಾಲ ಕಳಿಸೀಯಲ್ಲ?"

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಬ್ರಷ್ ಕೆಳಗಿಟ್ಟ. "ಅಯ್ಯ, ಕೈ ರೂಢಿ ನೋಡಕ್ಕಾ. ಈ ವರ್ಷ ಬದುಕಿದೋರ ಹೆಸರು ಒಂದೂ ಬರೆದಿಲ್ಲ. ತಿನ್ನರ್ ಹಚ್ಚಿದ್ರ ಹೋಗತೈತಿ, ಈಗಲಾ ಬರ್ತೀನಿ" ಎಂದು ಎದ್ದ.

ತಡೆದವನು ನನ್ನ ಹಿಂದೆಯೇ ಬಂದು ನಿಂತಿದ್ದ ಹಾಲೇಶಣ್ಣ. "ಇರ್ಲಿ. ಯಾರರ ಒಬ್ರು ಓದ್ಲಿ. ಓದಿ ಬಂದು ಕೇಳ್ಲಿ. ಆಮ್ಯಾಲ ಒರಸಿದ್ರಾತು" ಎಂದ.

ಯಾರಾದರೂ ಒಬ್ಬರು ಎಂದು ಬಾಯಿಮಾತಿಗೆ ಅಂದದ್ದು. ಅವನ ಮನಸ್ಸಿನಲ್ಲಿದ್ದುದು ಯಾರು ಎಂದು ನನಗೆ ಗೊತ್ತಿರಲಿಲ್ಲವೇ? ಊರಲ್ಲಿ ಅಷ್ಟು ಗುಡಿಗಳಿರುವಾಗ ಹಿರೇಹಡಗಲಿ ಬಸ್ಸು ನಿಲ್ಲುವ ಗುಡಿಗೇ ಟ್ಯೂಬು ಕೊಟ್ಟಿದ್ದ. ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಅದು ನೇರ ಕಣ್ಣಿಗೆ ಬೀಳುತ್ತದೆ. ಅಕ್ಕ ನೋಡಬೇಕು, ಇಲ್ಲವೇ ನೋಡಿದವರು ಅಕ್ಕನಿಗೆ ಹೇಳಬೇಕು. ಸತ್ತನೆಂದು ತಿಳಿದ ಮೇಲಾದರೂ ಅವಳು ಬರುತ್ತಾಳೋ ಇಲ್ಲವೋ ನೋಡಬೇಕು ಎಂಬುದು ಅವನ ಹಟ. ನನಗೆ ಸಿಟ್ಟು ಬಂತು. ಅರವತ್ತು ದಾಟಿದ ಮುದುಕ ಹೀಗೆ ಕೂಸಿನ ಹಾಗೆ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುವುದೇ? ಬೈದೆ. ಅವನು ಟೀ ತರಿಸಿದ.

ದಿನಗಳು ಹೋದವು. ಯಾರೂ ಕೇಳಲಿಲ್ಲ. ಗುಡಿಗೆ ಬರುವವರು ಆ ಟ್ಯೂಬಿನ ಕೆಳಗೇ ನಿಂತು ಗಂಟೆ ಹೊಡೆಯುತ್ತಿದ್ದರು. ಕೆಲವರು ಗುಡಿಯಲ್ಲಿ ಹೆಸರು ಓದಿ, ಗುಡಿಯಿಂದ ಹೊರಗೆ ಬಂದು, ಅದೇ ಹಾಲೇಶಣ್ಣನ ಹತ್ತಿರ ಬೀಡಿಗೆ ಬೆಂಕಿಪೊಟ್ಟಣ ಇಸಿದುಕೊಂಡು ಹೋದರು. ಹೆಸರು ಬೇರೆ, ಮನುಷ್ಯ ಬೇರೆ ಎಂದು ತಿಳಿದರೋ, ಅಥವಾ ಏನೂ ತಿಳಿಯಲು ಹೋಗಲಿಲ್ಲವೋ. ಒಂದು ಸಂಜೆ ಪಾಲಾಕ್ಷಪ್ಪನವರೇ ಇವನನ್ನು ಕರೆಸಿದರು. ನಾನು ಸುದ್ದಿ ಕೇಳಿ ಓಡಿಹೋದೆ, ಕೊನೆಗೂ ಒಬ್ಬರಿಗೆ ಕಣ್ಣು ಕಂಡಿತು ಎಂದುಕೊಂಡು.

ಪಾಲಾಕ್ಷಪ್ಪ ಕೈ ಮೇಲೆ ಮಾಡಿ ತೋರಿಸಿದರು. "ಹಾಲೇಶಪ್ಪ, ಆ ಕೊನಿ ಸ್ಮರಣಾರ್ಥ ಐತಲ್ಲ, ಬಾಳ ಮಿಣುಕಾಕತ್ತೈತಿ. ಸ್ಟಾರ್ಟರ್ ಹೋಗೈತೇನು ನೋಡಪ್ಪ."

ಹಾಲೇಶಣ್ಣ ನನ್ನ ಕಡೆ ನೋಡಲಿಲ್ಲ. ಸ್ಟೂಲು ಹತ್ತಿದ, ತನ್ನ ಹೆಸರಿನ ಎರಡು ತುದಿ ಹಿಡಿದು ಸ್ವಲ್ಪ ತಿರುವಿದ. ಟ್ಯೂಬು ಎರಡು ಸಲ ಮಿಣುಕಿ ನಿಂತು ಉರಿಯಿತು.

"ಸಡ್ಲ ಆಗಿತ್ರಿ" ಎಂದು ಕೆಳಗಿಳಿದ.

ನಾನು ದಾರಿಯುದ್ದಕ್ಕೂ ಮೊದಲು ನಕ್ಕೆ, ಆಮೇಲೆ ನಗಲಾಗಲಿಲ್ಲ. ಅವನ ಹೆಗಲು ಇಳಿದಿತ್ತು. ಓಣಿಯ ಕೊನೆಯಲ್ಲಿ ನಿಂತು, "ಮಂದೀದು ತಪ್ಪಿಲ್ಲ ಬಿಡು. ನಾನು ಯಾರ ಬಾಗಿಲಾಗ ನಿಂತೀನಿ, ಅವರು ನನ್ನ ಬಾಗಿಲಿಗೆ ಬರಾಕ?" ಅಂದ. ಅವತ್ತು ಅವನು ಊಟ ಮಾಡಲಿಲ್ಲ.

ಅವಳು ಬಂದದ್ದು ಅದಾದ ಮುಂದಿನ ಸೋಮವಾರ, ಮಧ್ಯಾಹ್ನದ ಸುಡು ಬಿಸಿಲಲ್ಲಿ. ನಾನು ಮಷಿನ್ ತುಳಿಯುತ್ತಿದ್ದೆ. ಓಣಿಯ ತಿರುವಿನಲ್ಲಿ ಹೆಂಗಸೊಬ್ಬಳು ಅಳುವ ದನಿ ಕೇಳಿತು. ನಮ್ಮಲ್ಲಿ ಸಾವಿನ ಮನೆಗೆ ಬರುವ ಹೆಂಗಸರು ಮನೆ ಇನ್ನೂ ದೂರವಿರುವಾಗಲೇ ಹಾಡಿಕೊಂಡು ಅಳುತ್ತ ಬರುತ್ತಾರೆ, ಹೋದವರ ಗುಣ, ತಮ್ಮ ನೋವು ಎಲ್ಲ ಸೇರಿಸಿ. ಯಾರ ಮನೆ ಎಂದು ನಾನು ಮಷಿನ್ ನಿಲ್ಲಿಸಿದೆ. ಬಿಳಿ ತಲೆಯ, ಒಣಕಲು ಮೈಯ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದಳು. ನೇರವಾಗಿ ಹಾಲೇಶಣ್ಣನ ಅಂಗಡಿಯ ಮುಂದೆ ಕುಸಿದು ಕೂತಳು. ಆ ಮೂಗು, ಆ ಗದ್ದ ನೋಡಿದ ಕೂಡಲೇ ಇವಳೇ ಅಕ್ಕ ಎಂದು ನನಗೆ ಗೊತ್ತಾಯಿತು.

"ನನ ತಮ್ಮಾ, ಬಗಲಾಗ ಹೊತ್ತ ನನ ತಮ್ಮಾ. ಊರಿಗೆಲ್ಲ ಬೆಳಕು ಕಟ್ಟಿದೆಲ್ಲೋ, ನಿನ ಬಾಗಿಲಿಗೆ ಯಾರು ಕಟ್ಟಿದ್ರೋ. ಹಿಡಿ ಮಣ್ಣು ಹಾಕಾಕ ನಾ ಬರಲಿಲ್ಲೋ."

ಷಟರ್ ಅರ್ಧ ಇಳಿದಿತ್ತು. ಅದರ ಕೆಳಗೆ ಹಾಲೇಶಣ್ಣನ ಬರಿ ಪಾದಗಳು ಕಂಡವು. ಊಟಕ್ಕೆ ಕೂತಿದ್ದವನು ಎದ್ದು ಬಂದಿದ್ದ. ನಾನು ಬಾಯಿ ತೆರೆಯಬೇಕು ಎನ್ನುವಾಗ ಅವನು ಬಗ್ಗಿ ನನ್ನನ್ನು ನೋಡಿ, ಅನ್ನ ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟ. ಬೇಡ ಎಂದು ತಲೆ ಆಡಿಸಿದ. ನನಗೆ ಮೈಯೆಲ್ಲ ಉರಿಯಿತು. ಆದರೂ ಯಾಕೋ ಸುಮ್ಮನಾದೆ.

ಮುದುಕಿ ಅಳುತ್ತಲೇ ಇದ್ದಳು. ಬುಡ್ಡಿ ದೀಪದ ಬೆಳಕಿನಲ್ಲಿ ಹಾಲು ಕುಡಿಸಿದ್ದು, ಗಂಡನ ಮನೆಗೆ ಕರೆದುಕೊಂಡು ಹೋದದ್ದು, ಅವನು ಮೊದಲ ದುಡಿಮೆಯಲ್ಲಿ ಸೀರೆ ತಂದದ್ದು, ಕಟ್ಟೆಯ ಮೇಲೆ ಕೂತಿದ್ದಾಗ ಬಾಗಿಲು ಹಾಕಿಕೊಂಡು ಒಳಗೆ ಅತ್ತದ್ದು. ಆಮೇಲೆ ದನಿ ಇಳಿಯಿತು.

"ನಿನ ತಪ್ಪಲ್ಲೋ ತಮ್ಮಾ, ನಿನ ಲೈಟಿನ ತಪ್ಪಲ್ಲೋ. ನನ ಮಗಳ ಹಣಿಬರ ಹಂಗಿತ್ತೋ. ಗೊತ್ತಿದ್ದೂ ನಾ ಹೇಳಲಿಲ್ಲೋ."

ಷಟರಿನ ಕೆಳಗಿನ ಪಾದಗಳು ಒಂದು ಹೆಜ್ಜೆ ಮುಂದೆ ಬಂದು ನಿಂತವು. ನನ್ನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡೆ, ಅಲ್ಲಿಗೆ ಮುಗಿಯಿತು, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ.

ಅವಳು ಮೂಗು ಸೀಟಿ ನನ್ನ ಕಡೆ ತಿರುಗಿದಳು. "ಯಾವಾಗ ಆತವ್ವಾ? ಮಣ್ಣು ಯಾರು ಮಾಡಿದ್ರು? ಗುಡ್ಯಾಗ ಹೆಸರು ನೋಡಿ ನಮ್ಮೂರಾಕಿ ಬಂದು ಹೇಳಿದ್ಲು. ನನಗ ಒಬ್ರೂ ಫೋನ್ ಮಾಡಲಿಲ್ಲ."

ಅಷ್ಟರಲ್ಲಿ ಷಟರ್ ಕರಕರ ಎಂದು ಮೇಲೆ ಹೋಯಿತು.

ತಿಪ್ಪೇರುದ್ರಮ್ಮ ಎದ್ದು ನಿಂತ ರೀತಿ ನನಗೆ ಈಗಲೂ ಕಣ್ಣ ಮುಂದಿದೆ. ಕಿರುಚಲಿಲ್ಲ. ಎರಡೂ ಕೈಯಿಂದ ಅವನ ಮುಖ ಹಿಡಿದು, ಗದ್ದ, ಕಿವಿ, ಹಣೆ ಎಲ್ಲ ಸವರಿ ನೋಡಿದಳು. ಬಿಸಿ ಇದೆಯೋ ಇಲ್ಲವೋ ಎಂದು ನೋಡಿದಂತಿತ್ತು. ಆಮೇಲೆ ಕೆನ್ನೆಗೆ ಒಂದು ಬಾರಿಸಿದಳು. ಹಾಲೇಶಣ್ಣ ಹೊಡೆಸಿಕೊಂಡು ನಿಂತ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

"ಸತ್ತೀ ಅಂತ ಬಂದೆ" ಅಂದಳು.

"ಹೂಂ ಅಕ್ಕ."

"ಬದುಕಿ ಅದೀ ಅಂತ ಗೊತ್ತಿದ್ರ ಬರ್ತಿದ್ದಿಲ್ಲ."

"ಗೊತ್ತೈತಿ. ಅದಕ ಒರಸಲಿಲ್ಲ."

"ಹಂಗ ಬರೆಸಿದ್ದು ನೀನಾ?"

"ಹೆಸರು ಬರಿ ಅಂದಿದ್ದೆ. ಉಳಿದಿದ್ದು ಬರೆಯೋನ ಕೈ ತಪ್ಪು. ಇಟ್ಟುಕೊಂಡಿದ್ದು ನನ್ನ ತಪ್ಪು."

ಅವಳು ಅಂಗಡಿಯ ಕಟ್ಟೆಯ ಮೇಲೆ ಕೂತಳು. ಹಾಲೇಶಣ್ಣ ಕೈ ತೊಳೆದು ಬಂದು ಅವಳ ಕಾಲ ಹತ್ತಿರ ನೆಲದ ಮೇಲೆ ಕೂತ.

"ಅಕ್ಕಾ, ಈಗ ಅಂದೆಲ್ಲ, ನನ್ನ ತಪ್ಪಲ್ಲ, ಲೈಟಿನ ತಪ್ಪಲ್ಲ ಅಂತ."

"ಅದು ಸತ್ತ ತಮ್ಮಗ ಅಂದಿದ್ದು" ಅಂದಳು ತಿಪ್ಪೇರುದ್ರಮ್ಮ. "ನಿನಗಲ್ಲ."

ನಾನು ಕತ್ತರಿ ಕೆಳಗೆ ಹಾಕಿ ಎದ್ದೆ. ಅವಳು ನನ್ನ ಕಡೆ ಕೈ ಎತ್ತಿ ತಡೆದಳು.

"ಮಂಜಿ ಇನ್ನೂ ಮನ್ಯಾಗ ಅದಾಳ. ಬರಿ ಹಣಿ ಹೊತ್ಕೊಂಡು ನನ್ನ ಕಣ್ಣ ಮುಂದ ಓಡಾಡತಾಳ. ಸತ್ತೋರ ಮ್ಯಾಲ ಸಿಟ್ಟು ಇಟ್ಕೊಬಾರದು ಅಂತ ಅಕಿಗೆ ಹೇಳಿ ಬರಬಹುದಿತ್ತು. ಬದುಕಿದೋನ ಜೋಡಿ ಮಾತಾಡಿ ಬಂದೆ ಅಂದ್ರ ಅಕಿ ಮುಖ ಹೆಂಗ ನೋಡಲೇ ನಾನು?"

ಹಾಲೇಶಣ್ಣ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕೊಟ್ಟ. ಅವಳು ಚೊಂಬನ್ನು ನೋಡಿದಳು, ಮುಟ್ಟಲಿಲ್ಲ. ಗಂಟಲು ಒಣಗಿ ತುಟಿ ಬಿಳಿಚಿಕೊಂಡಿತ್ತು, ಆದರೂ ಮುಟ್ಟಲಿಲ್ಲ. ಸಾವಿನ ಮನೆಗೆಂದು ಬಂದವರು ಅಲ್ಲಿ ನೀರು ಕುಡಿಯುವುದಿಲ್ಲ. ಅವಳು ಬಂದದ್ದು ಸಾವಿನ ಮನೆಗೆ.

ಸ್ವಲ್ಪ ಹೊತ್ತಿಗೆ ಎದ್ದಳು, ಸೆರಗು ಕೊಡವಿದಳು. ಹಾಲೇಶಣ್ಣನೂ ಎದ್ದು ನಿಂತ. ಎಲ್ಲ ಮನೆಯಿಂದ ಹೊರಡುವಾಗಲೂ 'ಬರ್ತೀನಿ' ಎಂದು ಹೇಳಿಯೇ ಹೊರಡುವ ಜನ ನಾವು. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಆ ಮಾತು ಆಡುವುದಿಲ್ಲ, ಸುಮ್ಮನೆ ಎದ್ದು ನಡೆಯುತ್ತಾರೆ. ಹಾಲೇಶಣ್ಣ ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದ. ನಾನೂ ನೋಡುತ್ತಿದ್ದೆ. ತಿಪ್ಪೇರುದ್ರಮ್ಮ ಒಂದು ಸಲ ಅವನ ತಲೆಯ ಕಡೆ ಕೈ ಚಾಚಿದಳು, ಅರ್ಧದಲ್ಲೇ ಕೈ ಇಳಿಸಿದಳು. ಮಾತಿಲ್ಲದೆ ತಿರುವಿನ ಕಡೆ ನಡೆದಳು.

ನಾನು ಹಿಂದೆ ಓಡಿದೆ. "ಬರ್ತೀನಿ ಅಂದಿದ್ರ ಏನಮ್ಮಾ ಗಂಟು ಹೋಗತಿತ್ತು ನಿಮ್ಮದು?" ಎಂದು ಕೇಳಿಯೇಬಿಟ್ಟೆ.

ಅವಳು ನಿಲ್ಲಲಿಲ್ಲ. "ಬಸ್ಸಿಗೆ ಹೊತ್ತಾತವ್ವ. ಮನಿಗೆ ಹೋಗಿ ತಲಿ ಮ್ಯಾಲ ನೀರು ಹಾಕ್ಕೋಬೇಕು" ಅಂದಳು. ಸತ್ತವರ ಮನೆಗೆ ಹೋಗಿ ಬಂದವರು ಮಾಡುವ ಸ್ನಾನ ಅದು.

ಮರುದಿನ ನಾನು ಕೊಟ್ರಸ್ವಾಮಿಯಿಂದ ತಿನ್ನರ್ ಬಾಟಲಿ, ಒಂದು ಬಟ್ಟೆ ಚೂರು ತಂದೆ. ಓದುವವಳು ಓದಿ ಆಯಿತು, ಬರುವವಳು ಬಂದು ಆಯಿತು. ಇನ್ನಾದರೂ ಆ ಅಕ್ಷರ ಹೋಗಲಿ, ಮನುಷ್ಯ ಮನುಷ್ಯನಾಗಿ ಇರಲಿ ಎಂದು ನನ್ನ ಯೋಚನೆ. ಹಾಲೇಶಣ್ಣ ಒಳಗೆ ನಿನ್ನೆಯ ಚೊಂಬಿನ ಎದುರು ಕೂತಿದ್ದ. ಅದರಲ್ಲಿ ನೀರು ಹಾಗೇ ಇತ್ತು.

"ಏಳಣ್ಣ, ಹೋಗಿ ಒರಸಿ ಬರೋಣು" ಎಂದೆ.

ಅವನು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಚ್ಚಳ ಬಿಗಿ ಮಾಡಿ ವಾಪಸ್ಸು ಕೊಟ್ಟ.

"ಬ್ಯಾಡ ಟೇಲರಮ್ಮ. ನಮ್ಮಕ್ಕ ಮಾಫ್ ಮಾಡಿದ್ದು ಆ ಟ್ಯೂಬಿನ ಮ್ಯಾಲ ಇರೋನ್ನ. ಅವನ್ನೂ ಒರಸಿಬಿಟ್ರ ನನಗ ಏನು ಉಳಿತೈತಿ?"